ಚಾಲನೆಯಲ್ಲಿರುವ ಸರ್ವರ್‌ನ ಮೂಲ ಕಡತಗಳಿಗೆ ಒಳಬೀಗ

ಲೆಕ್ಕಪತ್ರ, ದಾಸ್ತಾನು, ಮಿಂಚಂಚೆ ಮುಂತಾದ ವ್ಯವಹಾರಗಳನ್ನು ಲಿನಕ್ಸ್ ಅಥವಾ ಬಿಎಸ್‌ಡಿ ಸರ್ವರ್‌ಗಳಲ್ಲಿ ನಡೆಸುವ ಉದ್ಯಮಗಳು ಇಂದು ಬಹಳಷ್ಟಿವೆ. ಹೊರಗಿನವರನ್ನು ತಡೆಯಲು ಫೈರ್‌ವಾಲ್ ಹಾಕಿಸುವವರು, ಒಬ್ಬನು ಒಳನುಗ್ಗಿದ ಮೇಲೆ ಏನಾಗುವುದೆಂದು ಯೋಚಿಸುವುದು ವಿರಳ. ನುಗ್ಗಿದವನು ಮೊದಲು ಕೈಹಾಕುವುದು ದತ್ತಾಂಶಕ್ಕೇ ಎನ್ನುವಂತಿಲ್ಲ. ತನ್ನ ಸುಳಿವು ಸಿಗದಂತೆ ವ್ಯವಸ್ಥೆಯ ಮೂಲ ಕಡತಗಳನ್ನೇ ಬದಲಿಸುವುದುಂಟು.

2003ರ ನವೆಂಬರ್‌ನಲ್ಲಿ ಡೆಬಿಯನ್ ಯೋಜನೆಯ ಸರ್ವರ್‌ಗಳಲ್ಲಿ ನಡೆದುದೂ ಇದೇ. ಕದ್ದ ಪಾಸ್‌ವರ್ಡ್‌ನಿಂದ ಒಳಬಂದ ವ್ಯಕ್ತಿಯು ಲಿನಕ್ಸ್ ಕರ್ನೆಲ್‌ನ ದೋಷವೊಂದನ್ನು ಬಳಸಿ ರೂಟ್ ಅಧಿಕಾರ ಪಡೆದು, ಯಂತ್ರವನ್ನು ಆರಂಭಿಸುವ 'ಇನಿಟ್' ಕಡತವನ್ನೇ ಬದಲಿಸಿದ್ದನು. ಕಡತಗಳ ಬದಲಾವಣೆಯನ್ನು ಪರಿಶೀಲಿಸುವ 'ಏಡ್' ತಂತ್ರಾಂಶದ ಎಚ್ಚರಿಕೆಯು ಈ ಕೃತ್ಯ ಬೆಳಕಿಗೆ ಬರಲು ನೆರವಾಯಿತು.

ರೂಟ್‌ಗೂ ಕಡಿವಾಣ

ಯುನಿಕ್ಸ್ ಸಂಪ್ರದಾಯದಲ್ಲಿ ಕಡತದ ಸಾಮಾನ್ಯ ಅನುಮತಿಗಳು ರೂಟ್ ಬಳಕೆದಾರನನ್ನು ಕಟ್ಟಿಹಾಕವು. ಈ ಕೊರತೆಯನ್ನು ತುಂಬಲು 4.4 ಬಿಎಸ್‌ಡಿ ಎರಡು ಸಾಧನಗಳನ್ನು ಒದಗಿಸಿತು. ಮೊದಲನೆಯದು ಕಡತದ ಗುರುತು. 'ಬದಲಿಸಲಾಗದು' ಎಂಬ ಗುರುತಿರುವ ಕಡತವನ್ನು ತಿದ್ದಲು, ಅಳಿಸಲು, ಹೆಸರು ಬದಲಿಸಲು ಬಾರದು. 'ಸೇರಿಸಲು ಮಾತ್ರ' ಎಂಬ ಗುರುತಿರುವ ದಾಖಲೆಗೆ ಹೊಸ ಸಾಲು ಸೇರಬಹುದೇ ಹೊರತು ಹಳೆಯ ಸಾಲು ಅಳಿಯದು.

ಎರಡನೆಯದು ಭದ್ರತಾ ಮಟ್ಟ. ಫ್ರೀಬಿಎಸ್‌ಡಿಯಲ್ಲಿ ಮಟ್ಟವು 1ಕ್ಕೆ ಏರಿದ ಬಳಿಕ ಈ ಗುರುತುಗಳನ್ನು ರೂಟ್ ಕೂಡ ತೆಗೆಯಲಾರನು. ಕರ್ನೆಲ್‌ಗೆ ಹೊಸ ಮಾಡ್ಯೂಲ್ ಸೇರಿಸಲಾರನು. 2ನೇ ಮಟ್ಟದಲ್ಲಿ ಡಿಸ್ಕಿಗೆ ನೇರವಾಗಿ ಬರೆಯುವುದು, 3ನೇ ಮಟ್ಟದಲ್ಲಿ ಫೈರ್‌ವಾಲ್ ನಿಯಮ ಬದಲಿಸುವುದು ನಿಲ್ಲುತ್ತದೆ. ಚಾಲನೆಯಲ್ಲಿರುವಾಗ ಮಟ್ಟವನ್ನು ಏರಿಸಬಹುದು, ಇಳಿಸಲಾಗದು. ಇಳಿಸಬೇಕಾದರೆ ಯಂತ್ರವನ್ನು ಮರಳಿ ಆರಂಭಿಸಲೇಬೇಕು.

ಲಿನಕ್ಸ್‌ನಲ್ಲಿಯೂ ಇಂತಹ ಗುರುತುಗಳಿವೆ. ಆದರೆ ಪೂರ್ಣ ಅಧಿಕಾರವುಳ್ಳ ರೂಟ್ ಅವನ್ನು ತೆಗೆಯಬಲ್ಲನು. ಆದುದರಿಂದ ಇವು ಕೈತಪ್ಪಿಗೆ, ಸಿದ್ಧ ದಾಳಿ ಕಾರ್ಯಕ್ರಮಗಳಿಗೆ ಅಡ್ಡಿಯೇ ಹೊರತು ಪೂರ್ಣ ಕವಚವಲ್ಲ. 2019ರಲ್ಲಿ ಬಂದ ಲಿನಕ್ಸ್ 5.4 ಆವೃತ್ತಿಯ 'ಲಾಕ್‌ಡೌನ್' ಸೌಲಭ್ಯವು ರೂಟ್ ಕೂಡ ಕರ್ನೆಲ್ ಅನ್ನು ತಿದ್ದದಂತೆ ತಡೆಯುತ್ತದೆ. ಇತರ ಕಡತಗಳ ರಕ್ಷಣೆ ಅದರ ಹೊಣೆಯಲ್ಲ.

ಬೀಗದ ಮಿತಿ

ಬೀಗವು ಭದ್ರವಾಗಿದ್ದಷ್ಟೂ ಮಾಲೀಕನಿಗೂ ತೊಡಕು. ತಂತ್ರಾಂಶ ಪರಿಷ್ಕರಣೆಗೆ ಯಂತ್ರವನ್ನು ನಿಲ್ಲಿಸಬೇಕಾಗುತ್ತದೆ; ವಹಿವಾಟಿಲ್ಲದ ವೇಳೆಯನ್ನು ಮೊದಲೇ ಗೊತ್ತುಪಡಿಸಿಕೊಳ್ಳುವುದು ಲೇಸು. ಇನ್ನೊಂದು ಎಚ್ಚರಿಕೆಯೂ ಅಗತ್ಯ. ಭದ್ರತಾ ಮಟ್ಟ ಏರುವ ಮುನ್ನ ಓಡುವ ಆರಂಭಿಕ ಕಡತಗಳಿಗೆ ಗುರುತು ಹಾಕದಿದ್ದರೆ, ದಾಳಿಕೋರನು ಅವನ್ನು ತಿದ್ದಿ, ಯಂತ್ರವನ್ನು ಮರಳಿ ಆರಂಭಿಸಿ, ಬೀಗವನ್ನೇ ನಿರರ್ಥಕಗೊಳಿಸುವನು.

ಆದ್ದರಿಂದ ಬೀಗದ ಜೊತೆಗೆ ಕಾವಲೂ ಬೇಕು. 1992ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ 'ಟ್ರಿಪ್‌ವೈರ್' ಹಾಗೂ ಅದರ ಮಾದರಿಯ ಏಡ್, ಪ್ರತಿ ಕಡತದ ಗಣಿತೀಯ ಬೆರಳಚ್ಚನ್ನು ದಾಖಲಿಸಿ ನಿಯಮಿತವಾಗಿ ತಾಳೆ ನೋಡುತ್ತವೆ. ಆ ಬೆರಳಚ್ಚುಗಳ ಪ್ರತಿಯನ್ನು ಅದೇ ಯಂತ್ರದಲ್ಲಿಟ್ಟರೆ ಕಳ್ಳನ ಕೈಗೇ ಕೀಲಿ ಕೊಟ್ಟಂತೆ. ಅದು ಬೇರೆಡೆ ಇರಬೇಕು.

ಉದ್ಯಮಿಗಳು ಮಾಡಬೇಕಾದುದು

ಇದು ಕೇವಲ ತಂತ್ರಜ್ಞರ ವಿಷಯವಲ್ಲ. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ, ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. 180 ದಿನಗಳ ಲಾಗ್ ದಾಖಲೆಗಳನ್ನು ಸುರಕ್ಷಿತವಾಗಿ ಇಟ್ಟಿರಬೇಕು. ದಾಳಿಕೋರನು ಅಳಿಸಬಲ್ಲ ದಾಖಲೆಯು ತನಿಖೆಗೆ ಒದಗದು.

ಸದಸ್ಯರು ತಮ್ಮ ನಿರ್ವಹಣಾ ಗುತ್ತಿಗೆದಾರರನ್ನು ಮೂರು ಪ್ರಶ್ನೆ ಕೇಳುವುದು ಒಳಿತು: ಯಾವ ಕಡತಗಳಿಗೆ ಬೀಗವಿದೆ? ಬೆರಳಚ್ಚಿನ ಪ್ರತಿ ಎಲ್ಲಿದೆ? ಕೊನೆಯ ಬಾರಿ ತಾಳೆ ನೋಡಿದ್ದು ಯಾವಾಗ? ಉತ್ತರಗಳನ್ನು ಲಿಖಿತವಾಗಿ ಪಡೆದು ಮುಂದಿನ ಗುತ್ತಿಗೆ ಕರಾರಿನಲ್ಲಿ ಸೇರಿಸಿಕೊಂಡರೆ ಕೆಲಸ ಅರ್ಧ ಮುಗಿದಂತೆ.