ಪಾಠಶಾಲೆಯ ಪಾಠ ಪ್ರಶ್ನೆಯಿಂದ ಶುರುವಾಗಲಿ

ನೀರು ಸೋಸಿ ಏಕೆ ಕುಡಿಯಬೇಕು ಎಂದು ಭಾನುವಾರದ ಪಾಠಶಾಲೆಯಲ್ಲಿ ಕೇಳಿದರೆ ಮಕ್ಕಳು "ಅಹಿಂಸೆಗಾಗಿ" ಎಂದು ಒಟ್ಟಿಗೆ ಹೇಳುತ್ತಾರೆ. ಪಾಠ ಮುಗಿಯಿತು. ಸೋಮವಾರ ಶಾಲೆಯ ಗೆಳೆಯನೊಬ್ಬ "ನಿಮ್ಮ ಮನೆಯಲ್ಲಿ ಫಿಲ್ಟರ್ ಇದೆಯಲ್ಲ, ಮತ್ತೆ ಬಟ್ಟೆ ಯಾಕೆ?" ಎಂದರೆ ಅದೇ ಮಗು ಸುಮ್ಮನಾಗುತ್ತದೆ. ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ನಮ್ಮ ಮನೆಗಳು ಕಡಿಮೆ. ತರಗತಿಯಲ್ಲಿ ಅನೇಕ ಸಲ ನಮ್ಮ ಮಗು ಒಂಟಿ. ಉತ್ತರ ಗೊತ್ತಿಲ್ಲದ ಆಚರಣೆ ಬೇಗ ಸಂಕೋಚವಾಗುತ್ತದೆ.

ಒಂದೇ ಸರಿ ಉತ್ತರವಿಲ್ಲದ, ವಾರಗಟ್ಟಲೆ ವಿಚಾರಕ್ಕೆ ಎಡೆಕೊಡುವ ಪ್ರಶ್ನೆಯನ್ನು ಮೊದಲು ಗೊತ್ತುಮಾಡಿ, ಅದರ ಸುತ್ತ ಪಾಠ ಯೋಜಿಸುವ ಕ್ರಮ ಶಿಕ್ಷಕರಲ್ಲಿ ಬಳಕೆಯಲ್ಲಿದೆ. ಅಮೆರಿಕದ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮ್ಯಾಕ್‌ಟೈ 1998ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದರು. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂದು ನಮ್ಮ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಹೇಳಿದೆ. ನಮಗಿದು ಹೊಸತೇನಲ್ಲ. ಶ್ರೇಣಿಕ ಮಹಾರಾಜ ಕೇಳಿದ, ಗೌತಮ ಗಣಧರರು ಹೇಳಿದರು ಎಂದೇ ಅಲ್ಲವೇ ನಮ್ಮ ಪುರಾಣಗಳು ತೆರೆದುಕೊಳ್ಳುವುದು?

ನೀರಿನ ಪಾಠಕ್ಕೆ ಪ್ರಶ್ನೆ ಹೀಗಿರಲಿ: ಸೋಸುವುದರಿಂದ ರಕ್ಷಣೆ ಯಾರಿಗೆ, ಕುಡಿಯುವವರಿಗೋ ನೀರಿನ ಜೀವಿಗಳಿಗೋ?

ಮೊದಲ ವಾರ ಮಕ್ಕಳೇ ದಪ್ಪ ಬಟ್ಟೆಯಲ್ಲಿ ನೀರು ಸೋಸಲಿ. ಯಂತ್ರ ಕುಡಿಯುವವರನ್ನು ಕಾಯುತ್ತದೆ. ಬಟ್ಟೆಯಲ್ಲಿ ಉಳಿದದ್ದನ್ನು ಸೋಸಿದ ನೀರಿನಿಂದಲೇ ತೊಳೆದು, ತಂದ ಮೂಲಕ್ಕೇ ಮೆಲ್ಲಗೆ ಬಿಡುವುದು ನಮ್ಮ ಪದ್ಧತಿ. ಗೆಳೆಯನ ಪ್ರಶ್ನೆಗೆ ಉತ್ತರದ ಎಳೆ ಇಲ್ಲಿ ಸಿಗುತ್ತದೆ. ಸೋಸಿ 48 ನಿಮಿಷ ಕಳೆದ ಮೇಲೆ ಮತ್ತೆ ಸೋಸಬೇಕೆಂಬ ನಿಯಮ ಏಕೆ ಬಂತೆಂದು ಮಕ್ಕಳೇ ಊಹಿಸಲಿ.

ಎರಡನೇ ವಾರ ಕಷ್ಟದ ಭಾಗ. ಔರಾದ್ ಕಡೆಯ ಹೊಲದ ಬಾವಿಯ ನೀರಾದರೆ ಮರಳಿ ಬಾವಿಗೇ ಬಿಡಬಹುದು. ಬೀದರ್ ನಗರದ ನಲ್ಲಿ ನೀರನ್ನು ಎಲ್ಲಿಗೆ ಬಿಡುವುದು? ಇದಕ್ಕೆ ಸಿದ್ಧ ಉತ್ತರ ಶಿಕ್ಷಕರ ಬಳಿಯೂ ಇಲ್ಲದಿದ್ದರೆ ಒಳ್ಳೆಯದೇ. ಮಕ್ಕಳು ಅಜ್ಜಿಯರನ್ನು, ವಿಹಾರದಲ್ಲಿ ಬಂದ ತ್ಯಾಗಿಗಳನ್ನು ಕೇಳಿ ಬರಲಿ. ನೌಬಾದ್‌ನಲ್ಲಿ ಬಹಮನಿ ಕಾಲದ ಸುರಂಗ ಕಾಲುವೆ, ಅಂದರೆ ಕರೇಜ್, ಇದೆ. ಅದನ್ನು ತೋರಿಸಿದರೆ ನೀರಿಗೆ ಮೂಲವೊಂದಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಗಡಿಭಾಗದ ಮಕ್ಕಳು ಮನೆಮಾತು ಮರಾಠಿಯಲ್ಲಿ ಉತ್ತರಿಸಿದರೆ ತಡೆಯಬೇಡಿ. ಣಮೋಕಾರ ಮಂತ್ರ, ಸ್ತೋತ್ರಗಳ ಬಾಯಿಪಾಠ ಎಂದಿನಂತೆ ನಡೆಯಲಿ, ಅದನ್ನು ಬಿಡಿಸಲು ಈ ಕ್ರಮ ಬಂದಿಲ್ಲ. ಆದರೆ ಪ್ರಶ್ನೆ ಕೇಳಿದ ಮರುನಿಮಿಷವೇ ಉತ್ತರ ಹೇಳಿಬಿಡುವ ನಮ್ಮ ಹಿರಿಯರ ಚಾಳಿ (ನನ್ನದೂ ಸೇರಿ) ಮಾತ್ರ ಬಿಡಬೇಕು. ಮುಂದಿನ ತಿಂಗಳಿಗೆ ರಾತ್ರಿಭೋಜನ ತ್ಯಾಗವನ್ನು ಎತ್ತಿಕೊಳ್ಳಬಹುದು: ವಿದ್ಯುತ್ ದೀಪ ಬಂದ ಮೇಲೂ ಸೂರ್ಯಾಸ್ತಕ್ಕೆ ಮೊದಲೇ ಊಟ ಏಕೆ?