ಗುರೆಳ್ಳು ಹೂವಾಗಿಯೂ ಕಾಳು ಕಟ್ಟದಿರುವುದೇಕೆ?

ಹೊಸಪೇಟೆ, ಸಂಡೂರು ತಾಲ್ಲೂಕುಗಳ ಮಸಾರಿ ಸೀಮೆಯಲ್ಲಿ ಹಳದಿ ಹೂವಿನ ಗುರೆಳ್ಳನ್ನು ಅರಿಯದ ರೈತರು ವಿರಳ. ದಕ್ಷಿಣದ ಜಿಲ್ಲೆಗಳಲ್ಲಿ ಇದನ್ನೇ ಹುಚ್ಚೆಳ್ಳೆನ್ನುವರು. ಹೆಸರಿನಲ್ಲಿ ಎಳ್ಳಿದ್ದರೂ ಇದು ಎಳ್ಳಿನ ಜಾತಿಯದಲ್ಲ. ಸೇವಂತಿಗೆ, ಸೂರ್ಯಕಾಂತಿ, ಕುಸುಬೆಗಳ ಕುಟುಂಬಕ್ಕೆ ಸೇರಿದುದು. ಇದರ ತವರು ಇಥಿಯೋಪಿಯ ದೇಶದ ಎತ್ತರದ ಪ್ರದೇಶ. ಇದರ ಕಾಡು ಮೂಲವು ಅಲ್ಲಿಯ ಹೊಲಗಳಲ್ಲಿ ಇಂದಿಗೂ ಕಳೆಯಾಗಿ ಬೆಳೆಯುತ್ತದೆ. ಬಹುಕಾಲದಿಂದ ಸಾಗುವಳಿಯಲ್ಲಿದ್ದರೂ ಗುರೆಳ್ಳು ಆ ಕಾಡುಗುಣವನ್ನು ಪೂರ್ತಿಯಾಗಿ ಬಿಟ್ಟಿಲ್ಲ. ಇದರಿಂದಾಗುವ ಉಪಕಾರಕ್ಕೂ ತೊಂದರೆಗೂ ಅದೇ ಕಾರಣ.

ಗೊಬ್ಬರ ಕಾಣದ ಗರಸು ನೆಲದಲ್ಲಿಯೂ ಇದು ಬರುತ್ತದೆ. ಮುಂಗಾರು ತಡವಾಗಿ ಬೇರೆ ಬೆಳೆಯ ಹದ ತಪ್ಪಿದಾಗ ಆಗಸ್ಟಿನಲ್ಲಿಯೂ ಬಿತ್ತಬಹುದು. ದನಗಳು ಇದರ ಹಸಿ ಸೊಪ್ಪನ್ನು ಮೆಚ್ಚವಾದುದರಿಂದ ಹೊಲದ ಅಂಚಿಗೆ ಬೇಲಿಯಂತೆ ಹಾಕುವ ವಾಡಿಕೆಯುಂಟು. (ಕುರಿಗಳ ವಿಷಯದಲ್ಲಿ ಈ ಭರವಸೆ ಸಲ್ಲದು.) ಕಂಪ್ಲಿಯ ಕಡೆ ಕಾಲುವೆಯ ಕೆಳಗಿನ ಭತ್ತದ ಗದ್ದೆಗಳನ್ನು ಇದಕ್ಕೆ ಕೊಡಬೇಕಾದುದಿಲ್ಲ, ಇದು ಖುಷ್ಕಿ ಜಮೀನಿನ ಬೆಳೆ. ಎಕರೆಗೆ 2 ಕಿಲೋ ಬೀಜ ಸಾಕು. ಬೀಜವು ಸಣ್ಣದಾದ ಕಾರಣ ಮರಳಿನೊಡನೆ ಬೆರೆಸಿ, ಸಾಲಿನಿಂದ ಸಾಲಿಗೆ 1 ಅಡಿ ಅಂತರವಿಟ್ಟು ಬಿತ್ತತಕ್ಕದ್ದು.

ಇನ್ನು ತೊಂದರೆಯ ವಿಷಯ. ಹೊಲವೆಲ್ಲ ಹಳದಿಯಾಗಿ ಕಂಡರೂ ಒಕ್ಕಿದಾಗ ಜೊಳ್ಳೇ ಹೆಚ್ಚಾಗುವುದುಂಟು. ಭೂಮಿಯ ಸಾರ ಸಾಲದೆಂದು ಭಾವಿಸಿ ಗೊಬ್ಬರಕ್ಕೆ ಹಣ ಸುರಿಯುವುದರಿಂದ ಈ ಜೊಳ್ಳು ತಪ್ಪದು. ಗುರೆಳ್ಳಿನ ಹೂವು ತನ್ನ ಗಿಡದ ಪರಾಗದಿಂದ ಕಾಳು ಕಟ್ಟುವುದು ಅತ್ಯಲ್ಪ. ಬೇರೊಂದು ಗಿಡದ ಪರಾಗ ಬೇಕು. ಅದನ್ನು ತರುವುವು ಮುಖ್ಯವಾಗಿ ಜೇನುಹುಳುಗಳು. ಆದುದರಿಂದ ಗುರೆಳ್ಳು ಹೂವಾಡುವ ದಿನಗಳಲ್ಲಿ ಅದಕ್ಕಾಗಲಿ, ಪಕ್ಕದ ಹತ್ತಿ ಮೆಣಸಿನಗಿಡಗಳಿಗಾಗಲಿ ಕೀಟನಾಶಕ ಸಿಂಪಡಿಸಬಾರದು. ಅನಿವಾರ್ಯವಾದರೆ ಹುಳುಗಳು ಗೂಡು ಸೇರಿದ ಸಂಜೆಯ ಹೊತ್ತಿನಲ್ಲಿ ಮಾತ್ರ, ನೆರೆಯವರೊಡನೆ ಮಾತನಾಡಿಕೊಂಡು ಮಾಡತಕ್ಕದ್ದು. ಹಂಪೆಯ ಸುತ್ತಣ ಬಂಡೆಗಳಲ್ಲಿ, ಸಂಡೂರಿನ ಕಾಡುಗಳಲ್ಲಿ ಹೆಜ್ಜೇನನ್ನು ಬೆಂಕಿಯಿಟ್ಟು ಕೀಳುವವನು ತಿಳಿಯದೆಯೇ ಎಷ್ಟೋ ಹೊಲಗಳ ಫಸಲನ್ನು ಸುಡುತ್ತಾನೆ. ಅನುಕೂಲವುಳ್ಳವರು ಬದುವಿನ ಮೇಲೆ ತುಡುವೆ ಜೇನಿನ ಪೆಟ್ಟಿಗೆಯಿಡಬಹುದು, ತುಪ್ಪವೂ ದೊರೆಯುವುದು.

ಎಲ್ಲ ತೆನೆಗಳೂ ಒಮ್ಮೆಗೇ ಮಾಗುವುದಿಲ್ಲ. ಕೊನೆಯದು ಒಣಗಲೆಂದು ಕಾದರೆ ಮೊದಲಿನವು ಉದುರಿಹೋಗುತ್ತವೆ. ಎಲೆ ಒಣಗಿ ತೆನೆ ಕಂದುಗಪ್ಪಾದೊಡನೆ ಕೊಯ್ದು, ಕಣದಲ್ಲಿ ಒಂದು ವಾರ ಒಣಗಿಸಿ ಬಡಿಯಬೇಕು. ಕಾಳಿನಲ್ಲಿ ನೂರಕ್ಕೆ 35ರಿಂದ 40 ಪಾಲು ಎಣ್ಣೆಯಿರುವುದು. ಹಿಂಡಿಯು ದನಗಳಿಗೆ ಒಳ್ಳೆಯ ಆಹಾರ. ಜೋಳದ ರೊಟ್ಟಿಯೊಡನೆ ಗುರೆಳ್ಳು ಪುಡಿಯ ರುಚಿಯನ್ನು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ.

ಬೀಜಕ್ಕೆ ತೆಗೆದಿಡುವ ಕಾಳನ್ನು ಜರಡಿ ಹಿಡಿಯದೆ ಇಡಬಾರದು. ಎಲೆಯಿಲ್ಲದೆ ಹಳದಿ ನೂಲಿನಂತೆ ಗಿಡಕ್ಕೆ ಸುತ್ತಿ ರಸ ಹೀರುವ ಬಳ್ಳಿಯ ಬೀಜವು ಇದರೊಡನೆಯೇ ಬರುತ್ತದೆ. ನೆಲ ಸೇರಿದರೆ ಹಲವು ವರ್ಷ ಕೆಡುವುದಿಲ್ಲ. ಬಳ್ಳಿ ಕಂಡಲ್ಲಿ, ಅದು ಹೂವಾಗುವ ಮೊದಲೇ, ಸುತ್ತಿದ ಗಿಡಗಳ ಸಹಿತ ಕಿತ್ತು ಸುಡತಕ್ಕದ್ದು.