ಸುಣ್ಣ ಬಳಿಯುವ ಮುನ್ನ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದವರು ವಿರಳ. ಮನೆಯನ್ನು ಕಟ್ಟುವುದರಲ್ಲಿರುವ ಕಷ್ಟವನ್ನು ಈ ಗಾದೆ ಸೊಗಸಾಗಿ ಹೇಳುತ್ತದೆ. ಆದರೆ ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವ ಕಷ್ಟದ ವಿಷಯದಲ್ಲಿ ಅದು ಮೌನವಾಗಿದೆ. ಕಟ್ಟುವ ಕೆಲಸ ತಲೆಮಾರಿಗೆ ಒಮ್ಮೆ ಬರುತ್ತದೆ. ಉಳಿಸಿಕೊಳ್ಳುವ ಕೆಲಸವಾದರೋ ವರ್ಷವರ್ಷವೂ ಬರುತ್ತದೆ. ಮಳೆ ಗೋಡೆಯನ್ನು ತೋಯಿಸುತ್ತದೆ, ಬಿಸಿಲು ಬಣ್ಣವನ್ನು ಮಾಸಿಸುತ್ತದೆ, ಅಡುಗೆಯ ಹೊಗೆ ಮಾಡಿನಲ್ಲಿ ಇಲ್ಲಣವಾಗಿ ಜೋತುಬೀಳುತ್ತದೆ. ಆದುದರಿಂದಲೇ ನಮ್ಮ ಹಿರಿಯರು ಯುಗಾದಿ, ದೀಪಾವಳಿಗಳಂತಹ ಹಬ್ಬಗಳು ಸಮೀಪಿಸಿದಾಗ ಮನೆಗೆ ಸುಣ್ಣ ಬಳಿಯುವ ಪದ್ಧತಿಯನ್ನು ಇಟ್ಟುಕೊಂಡಿದ್ದರು. ಇದಕ್ಕಾಗಿ ಅವರು ಯಾವ ಕುಶಲಕರ್ಮಿಗೂ ಕಾಯುತ್ತಿರಲಿಲ್ಲ. ಮನೆಯ ಹಿರಿಯರು ಕಿರಿಯರೆಲ್ಲರೂ ಸೇರಿ ತಮ್ಮ ಕೈಯಿಂದಲೇ ಅದನ್ನು ಮುಗಿಸುತ್ತಿದ್ದರು.

ಗೃಹಾಲಂಕಾರವೆಂದರೆ ಹಣವಂತರ ವಿಲಾಸವೆಂದು ಅನೇಕರು ಭಾವಿಸುತ್ತಾರೆ. ಕುಂದನ್ನು ಮುಚ್ಚಿ ಅಂದವನ್ನು ತೋರಿಸುವುದೇ ಅಲಂಕಾರವೆಂದು ಮತ್ತೆ ಕೆಲವರು ತಿಳಿಯುತ್ತಾರೆ. ಈ ಎರಡು ಭಾವನೆಗಳೂ ಸರಿಯಲ್ಲ. ಎರಡನೆಯ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೆನಾದುದರಿಂದ, ಆ ಪ್ರಸಂಗವನ್ನು ಮೊದಲು ಹೇಳುವುದು ಉಚಿತವೆಂದು ತೋರುತ್ತದೆ.

ನಮ್ಮದು ಮಲೆನಾಡಿನ ಒಂದು ಹಳ್ಳಿಯಲ್ಲಿದ್ದ ಹಳೆಯ ಮನೆ. ಮಣ್ಣಿನ ಗೋಡೆ, ಹಂಚಿನ ಮಾಡು, ಮುಂದೆ ಉದ್ದನೆಯ ಜಗಲಿ. ನಡುಮನೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ನಮ್ಮ ಅಜ್ಜಿ ಮಲಗುತ್ತಿದ್ದರು. ಆ ಕೋಣೆಯ ಬಡಗಣ ಗೋಡೆ ಮಳೆಗಾಲದಲ್ಲಿ ಸದಾ ತೇವವಾಗಿರುತ್ತಿತ್ತು. ಅದರ ಮೇಲೆ ಕಪ್ಪು ಬೂಷ್ಟು ಹಬ್ಬಿ, ಕೋಣೆಯಲ್ಲೆಲ್ಲ ಮುಗ್ಗುಲು ವಾಸನೆ ತುಂಬಿರುತ್ತಿತ್ತು. ಅಜ್ಜಿಗೆ ಮೊದಲೇ ಕೆಮ್ಮು. ಅಕ್ಕನ ಮದುವೆ ನಿಶ್ಚಯವಾದ ವರ್ಷ, ನೆಂಟರು ಬರುವ ಮೊದಲು ಆ ಗೋಡೆಯನ್ನು ಹೇಗಾದರೂ ಅಂದಗಾಣಿಸಬೇಕೆಂದು ಅಣ್ಣನೂ ನಾನೂ ಹಟತೊಟ್ಟೆವು. ಪೇಟೆಯಿಂದ ಹೊಳಪಿನ ಬಣ್ಣದ ಡಬ್ಬಿಯನ್ನು ತಂದೆವು. ಬೂಷ್ಟನ್ನು ಪೊರಕೆಯಿಂದ ಉಜ್ಜಿ, ಒಂದೇ ದಿನದಲ್ಲಿ ಎರಡು ಸಲ ದಪ್ಪನಾಗಿ ಬಣ್ಣ ಹಚ್ಚಿದೆವು. ಗೋಡೆ ಕನ್ನಡಿಯಂತೆ ಹೊಳೆಯಿತು. ಮದುವೆಗೆ ಬಂದವರೆಲ್ಲ ಮೆಚ್ಚಿಕೊಂಡರು. ನಮ್ಮ ಹೆಮ್ಮೆಗೆ ಪಾರವಿರಲಿಲ್ಲ.

ಆಷಾಢದ ಮಳೆ ಹಿಡಿದ ಮೇಲೆ ಹೊಳಪಿನ ಗೋಡೆಯಲ್ಲಿ ಗುಳ್ಳೆಗಳೆದ್ದವು. ಕೆಲವೇ ವಾರಗಳಲ್ಲಿ ಆ ಗುಳ್ಳೆಗಳು ಒಡೆದು, ಬಣ್ಣ ಹಾಳೆಹಾಳೆಯಾಗಿ ಕಳಚಿತು. ಅದರೊಡನೆ ಗೋಡೆಯ ಮಣ್ಣೂ ಉದುರತೊಡಗಿತು. ಅಜ್ಜಿಯ ಕೆಮ್ಮು ಹೆಚ್ಚಾಗಿ, ಅವರ ಹಾಸಿಗೆಯನ್ನು ನಡುಮನೆಗೆ ತರಬೇಕಾಯಿತು. ನಾವಿಬ್ಬರೂ ತಲೆತಗ್ಗಿಸಿ ನಿಂತಿದ್ದಾಗ ಅಜ್ಜಿ, “ಮಗೂ, ಗೋಡೆ ಅಳುತ್ತಿತ್ತು. ಯಾಕೆ ಅಳುತ್ತೀಯೆ ಎಂದು ನೀವು ಕೇಳಲಿಲ್ಲ, ಮುಖಕ್ಕೆ ಪೌಡರು ಹಚ್ಚಿಬಿಟ್ಟಿರಿ” ಎಂದರು.

ಆ ಮಾತಿನಲ್ಲಿ ಗೃಹಾಲಂಕಾರದ ಮೊದಲ ಪಾಠವೇ ಅಡಗಿದೆ. ಗೋಡೆಯನ್ನು ಸಿಂಗರಿಸುವ ಮುನ್ನ ಅದರ ಸ್ಥಿತಿಯನ್ನು ಅರಿಯಬೇಕು.

ಗೋಡೆ ತೇವಗೊಳ್ಳುವುದಕ್ಕೆ ಸಾಮಾನ್ಯವಾಗಿ ಎರಡು ದಾರಿಗಳುಂಟು. ಮೊದಲನೆಯದು ಮೇಲಿನಿಂದ. ಒಡೆದ ಹಂಚು, ಬಿರುಕುಬಿಟ್ಟ ತಾರಸಿ, ಮುರಿದ ದೋಣಿಗಳಿಂದ ನೀರು ಇಳಿದು ಗೋಡೆಯನ್ನು ತೋಯಿಸುತ್ತದೆ. ಎರಡನೆಯದು ಕೆಳಗಿನಿಂದ. ದೀಪದ ಬತ್ತಿಯ ಎಳೆಗಳಲ್ಲಿ ಎಣ್ಣೆ ತಾನಾಗಿ ಮೇಲೇರುವುದನ್ನು ನೀವು ಕಂಡಿದ್ದೀರಿ. ಮಣ್ಣು, ಇಟ್ಟಿಗೆ, ಗಾರೆಗಳಲ್ಲಿಯೂ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳಿವೆ. ನೆಲದ ತೇವವು ಅವುಗಳ ಮೂಲಕ ಅದೇ ರೀತಿಯಲ್ಲಿ ಗೋಡೆಯೊಳಗೆ ಏರುತ್ತದೆ. ಹೀಗೆ ಸೇರಿದ ನೀರು ಆವಿಯಾಗಿ ಹೊರಹೋಗಲು ದಾರಿಯಿದ್ದರೆ ಗೋಡೆ ಮತ್ತೆ ಒಣಗುತ್ತದೆ. ಹೊಳಪಿನ ಬಣ್ಣದ ದಪ್ಪ ಪೊರೆಯಿಂದ ಆ ದಾರಿಯನ್ನು ಮುಚ್ಚಿದರೆ, ಒಳಗಿನ ತೇವವೇ ಪೊರೆಯನ್ನು ತಳ್ಳಿ ಗುಳ್ಳೆಯೆಬ್ಬಿಸುತ್ತದೆ. ನಮ್ಮ ಮನೆಯಲ್ಲಿ ನಡೆದುದು ಇದೇ.

ಮರುವರ್ಷದ ಬೇಸಗೆಯಲ್ಲಿ ತಂದೆಯವರೊಡನೆ ನಾವು ಆ ಗೋಡೆಯನ್ನು ಹೊರಗಿನಿಂದ ಪರೀಕ್ಷಿಸಿದೆವು. ಸೂರಿನ ಬಳಿ ಎರಡು ಹಂಚುಗಳು ಸೀಳಿದ್ದವು. ಗೋಡೆಯ ಬುಡದಲ್ಲಿ ವರ್ಷಗಳಿಂದ ಕೂಡಿಕೊಂಡ ಮಣ್ಣು ಪಂಚಾಂಗದ ಕಲ್ಲುಗಳನ್ನು ಮುಚ್ಚಿ ಮೊಳದೆತ್ತರಕ್ಕೆ ಏರಿತ್ತು. ಸೂರಿನ ನೀರೆಲ್ಲ ಅಲ್ಲಿಯೇ ಇಂಗುತ್ತಿತ್ತು. ತಂದೆಯವರು ಹಂಚುಗಳನ್ನು ಬದಲಿಸಿದರು. ಅಣ್ಣನೂ ನಾನೂ ಗುದ್ದಲಿ ಹಿಡಿದು ಮಣ್ಣನ್ನು ಸರಿಸಿ, ನೀರು ಮನೆಯಿಂದ ದೂರ ಹರಿಯುವಂತೆ ಚರಂಡಿ ತೋಡಿದೆವು. ಒಳಗೆ ಉಳಿದಿದ್ದ ಬಣ್ಣದ ಪೊರೆಯನ್ನು ನೀರು ಚಿಮುಕಿಸಿ ಕೆರೆದು ತೆಗೆದೆವು. ಗೋಡೆಯನ್ನು ತಿಂಗಳೊಪ್ಪತ್ತು ಗಾಳಿಗೆ ಬಿಟ್ಟು, ಅದು ಪೂರ್ತಿ ಒಣಗಿದ ಮೇಲೆ ಬಿರುಕುಗಳನ್ನು ಮಣ್ಣಿನಿಂದಲೇ ಮೆತ್ತಿದೆವು. ಬಳಿಕವೇ ಸುಣ್ಣದ ಮಾತು.

ಸುಣ್ಣವು ನಮ್ಮ ನಾಡಿನ ಅತಿ ಹಳೆಯ ಬಣ್ಣಗಳಲ್ಲೊಂದು. ಅದರ ಹುಟ್ಟು ಬಹು ಸ್ವಾರಸ್ಯವಾದುದು. ಸುಣ್ಣಕಲ್ಲನ್ನಾಗಲೀ, ಕರಾವಳಿಯಲ್ಲಿ ದೊರೆಯುವ ಕಪ್ಪೆಚಿಪ್ಪನ್ನಾಗಲೀ ಭಟ್ಟಿಯಲ್ಲಿಟ್ಟು ಸುಮಾರು 900 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಸುಟ್ಟರೆ, ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಅನಿಲ ಹೊರಟುಹೋಗುತ್ತದೆ. 100 ಕಿಲೋಗ್ರಾಂ ಶುದ್ಧ ಸುಣ್ಣಕಲ್ಲಿನಿಂದ 44 ಕಿಲೋಗ್ರಾಂ ಅನಿಲ ಹೋಗಿ, 56 ಕಿಲೋಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಇದಕ್ಕೆ ನೀರು ಸೇರಿದೊಡನೆ ಅದು ಬುಸುಗುಟ್ಟುತ್ತ, ಕುದಿಯುತ್ತ ಅರಳುತ್ತದೆ. ಈ ಅರಳಿದ ಸುಣ್ಣವನ್ನು ನೀರಿನಲ್ಲಿ ಕದಡಿ ಗೋಡೆಗೆ ಬಳಿದಾಗ, ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಭಟ್ಟಿಯಲ್ಲಿ ಕಳೆದುಕೊಂಡುದನ್ನು ಗೋಡೆಯ ಮೇಲೆ ಮರಳಿ ಪಡೆಯುತ್ತದೆ. ಸುಣ್ಣ ಬಳಿದ ಗೋಡೆಯೆಂದರೆ ತೆಳುವಾದ ಕಲ್ಲಿನ ಹೊದಿಕೆಯನ್ನು ಹೊದ್ದ ಗೋಡೆಯೇ ಸರಿ. ಈ ಹೊದಿಕೆಯಲ್ಲಿ ರಂಧ್ರಗಳಿರುವುದರಿಂದ ಗೋಡೆಯ ಒಳಗಿನ ತೇವ ಹೊರಹೋಗಲು ತಡೆಯಿಲ್ಲ. ಹಸಿ ಸುಣ್ಣವು ತೀಕ್ಷ್ಣವಾದ ಕ್ಷಾರವಾದುದರಿಂದ ಬೂಷ್ಟು ಮತ್ತು ಅನೇಕ ಸೂಕ್ಷ್ಮ ಜೀವಿಗಳು ಅದರಲ್ಲಿ ಬದುಕಲಾರವು. ಬಿಳುಪಾದ ಗೋಡೆಯು ಬೆಳಕಿನ ಬಹುಭಾಗವನ್ನು ಹಿಂದಕ್ಕೆ ಚೆಲ್ಲುವುದರಿಂದ, ಚಿಕ್ಕ ಕಿಟಕಿಯ ಕೋಣೆಯೂ ಬೆಳಗುತ್ತದೆ.

ಆದರೆ ಸುಣ್ಣವನ್ನು ಅರಳಿಸುವುದು ಮಕ್ಕಳಾಟವಲ್ಲ. ಆ ಕೆಲಸವನ್ನು ಹಿರಿಯರೇ ಮಾಡತಕ್ಕದ್ದು. ಅರಳುವಾಗ ಹುಟ್ಟುವ ಕಾವಿಗೆ ಪ್ಲಾಸ್ಟಿಕ್ ಬಕೆಟ್ಟು ಕರಗಬಹುದಾದುದರಿಂದ ಲೋಹದ ಪಾತ್ರೆಯನ್ನೋ ನೆಲದಲ್ಲಿ ತೋಡಿದ ಗುಂಡಿಯನ್ನೋ ಬಳಸಬೇಕು. ಪಾತ್ರೆಯಲ್ಲಿ ಮೊದಲು ಧಾರಾಳವಾಗಿ ನೀರು ತುಂಬಿ, ಸುಣ್ಣದ ಹರಳುಗಳನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು; ಮುಖವನ್ನು ಅದರ ಮೇಲೆ ಬಾಗಿಸಬಾರದು. ಬಳಿಯುವವರು ಕಣ್ಣಿಗೆ ಕನ್ನಡಕವನ್ನೂ ಕೈಗೆ ಚೀಲವನ್ನೂ ಧರಿಸುವುದು ಕ್ಷೇಮ. ಒಂದು ಹನಿ ಕಣ್ಣಿಗೆ ಬಿದ್ದರೂ ಕೂಡಲೇ ಬಹಳ ಹೊತ್ತು ಶುದ್ಧವಾದ ನೀರಿನಿಂದ ತೊಳೆದು, ವೈದ್ಯರಲ್ಲಿಗೆ ಹೋಗಬೇಕು. ಈ ವಿಷಯದಲ್ಲಿ ಉದಾಸೀನ ಮಾಡಿದರೆ ದೃಷ್ಟಿಗೇ ಅಪಾಯವುಂಟು.

ಕೆಲಸಕ್ಕೆ ತೊಡಗುವ ಮುನ್ನ ಲೆಕ್ಕ ಹಾಕುವುದು ಒಳ್ಳೆಯದು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಒಂದು ಕೋಣೆಯಿದೆ ಎನ್ನೋಣ. ನಾಲ್ಕು ಗೋಡೆಗಳ ಒಟ್ಟು ವಿಸ್ತೀರ್ಣ 440 ಚದರ ಅಡಿ. 7 ಅಡಿ ಎತ್ತರ, 3 ಅಡಿ ಅಗಲದ ಬಾಗಿಲಿಗೆ 21 ಚದರ ಅಡಿಯನ್ನೂ, 4 ಅಡಿ ಎತ್ತರ, 3 ಅಡಿ ಅಗಲದ ಎರಡು ಕಿಟಕಿಗಳಿಗೆ 24 ಚದರ ಅಡಿಯನ್ನೂ ಕಳೆದರೆ, ಬಳಿಯಬೇಕಾದುದು 395 ಚದರ ಅಡಿ. ಮೂರು ಸಲ ಬಳಿಯುವುದಾದರೆ ಅದರ ಮೂರರಷ್ಟು. ಹೀಗೆ ಲೆಕ್ಕ ಹಾಕಿದವರು ಸಾಮಗ್ರಿಯನ್ನು ವ್ಯರ್ಥಮಾಡುವುದಿಲ್ಲ. ಅರ್ಧ ಗೋಡೆಗೆ ಬಂದು ನಿಲ್ಲುವ ಪ್ರಸಂಗವೂ ಅವರಿಗೆ ಬರುವುದಿಲ್ಲ.

ಬಳಿಯುವ ಕ್ರಮ ಸರಳವಾದುದು. ಸಾಮಾನುಗಳನ್ನು ಹೊರಗಿಟ್ಟು, ಮೊದಲು ಇಲ್ಲಣವನ್ನೂ ಜೇಡರ ಬಲೆಯನ್ನೂ ತೆಗೆಯಬೇಕು. ಉದುರುತ್ತಿರುವ ಹಳೆಯ ಸುಣ್ಣವನ್ನು ಕೆರೆಯಬೇಕು. ಚೆನ್ನಾಗಿ ಅರಳಿ ತಣಿದ ಸುಣ್ಣವನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ, ಹಾಲಿನ ಹದಕ್ಕೆ ನೀರು ಬೆರೆಸಿ, ಗೋಡೆಗೆ ಕಚ್ಚಿಕೊಳ್ಳಲೆಂದು ಸ್ವಲ್ಪ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸಬೇಕು. ಚಿಟಿಕೆ ನೀಲಿಯನ್ನು ಹಾಕಿದರೆ ಸುಣ್ಣದ ಹಳದಿ ಛಾಯೆ ಅಡಗಿ ಬಿಳುಪು ಎದ್ದುಕಾಣುತ್ತದೆ. ಬಳಿಯುವ ಮುನ್ನ ಗೋಡೆಗೆ ನೀರು ಚಿಮುಕಿಸಬೇಕು. ಕಾದ ಒಣಗೋಡೆ ಸುಣ್ಣದ ನೀರನ್ನು ಒಮ್ಮೆಗೇ ಹೀರಿಬಿಟ್ಟರೆ, ಸುಣ್ಣ ಕಲ್ಲಾಗದೆ ಪುಡಿಯಾಗಿಯೇ ಉಳಿದು ಬಟ್ಟೆಗೆ ಅಂಟುತ್ತದೆ. ಒಂದು ಸಲ ಮೇಲಿನಿಂದ ಕೆಳಕ್ಕೆ, ಅದು ಒಣಗಿದ ಮೇಲೆ ಇನ್ನೊಂದು ಸಲ ಅಡ್ಡಡ್ಡವಾಗಿ ತೆಳುವಾಗಿ ಬಳಿಯಬೇಕು. ಹಸಿಯಾಗಿದ್ದಾಗ ಸುಣ್ಣ ಬಿಳುಪಾಗಿ ಕಾಣುವುದಿಲ್ಲ. ಅನನುಭವಿಗಳು ಇದನ್ನು ಕಂಡು ಕಳವಳಗೊಂಡು ಮತ್ತೆ ಮತ್ತೆ ದಪ್ಪನಾಗಿ ಬಳಿಯುತ್ತಾರೆ. ಒಣಗುತ್ತ ಬಂದಂತೆ ಅದು ತಾನಾಗಿಯೇ ಬೆಳ್ಳಗಾಗುತ್ತದೆ. ತಾಳ್ಮೆಯೂ ಈ ಕೆಲಸದ ಒಂದು ಸಲಕರಣೆ.

ಬಿಳುಪಿನ ಮೇಲೆ ಬಣ್ಣದ ಸೊಗಸನ್ನು ತರುವುದಕ್ಕೂ ದೂರ ಹೋಗಬೇಕಾಗಿಲ್ಲ. ಗೋಡೆಯ ಬುಡದಲ್ಲಿ ಕೆಮ್ಮಣ್ಣಿನ ಪಟ್ಟಿ ಎಳೆಯುವುದು ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ಬಂದಿರುವ ರೂಢಿ. ಮಳೆಯ ಹನಿ ನೆಲಕ್ಕೆ ಬಡಿದು ಸಿಡಿಸುವ ಕೆಸರಿನ ಕಲೆ ಆ ಕೆಂಪಿನಲ್ಲಿ ಕಾಣಿಸುವುದಿಲ್ಲ; ಅಂದವೂ ಉಪಯೋಗವೂ ಅಲ್ಲಿ ಒಂದಾಗಿವೆ. ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳ ದೀವರ ಸಮುದಾಯದ ಹೆಣ್ಣುಮಕ್ಕಳು ಈ ಕಲೆಯನ್ನು ಬಹಳ ಎತ್ತರಕ್ಕೆ ಒಯ್ದಿದ್ದಾರೆ. ಅವರು ಮದುವೆಯ ಮನೆಯ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ನಾಡಿನಾಚೆಗೂ ಹೆಸರಾಗಿದೆ. ಕೆಮ್ಮಣ್ಣಿನಿಂದ ಕೆಂಪು, ಅಕ್ಕಿಹಿಟ್ಟಿನಿಂದ ಬಿಳುಪು, ಹುರಿದು ಕರಿದಾಗಿಸಿದ ಅಕ್ಕಿಯಿಂದ ಕಪ್ಪು. ಪುಂಡಿಯ ನಾರೇ ಕುಂಚ. ಯಾವ ಚಿತ್ರಶಾಲೆಯಲ್ಲಿಯೂ ಕಲಿಯದೆ, ತಾಯಿಯಿಂದ ಮಗಳು ಕಲಿತು, ಅವರು ಎಳೆಯುವ ಗೆರೆಗಳ ಅಳತೆ ಕಂಡವರನ್ನು ಬೆರಗುಗೊಳಿಸುತ್ತದೆ. ಕಲಾವಿದರೆಂಬ ಬಿರುದು ಇಲ್ಲದಿದ್ದರೂ ಮನೆಯನ್ನು ಚೆಲುವಾಗಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಂದು ಬಹುಪಾಲು ಮನೆಗಳ ಗೋಡೆಗಳು ಸಿಮೆಂಟಿನವು; ಅವುಗಳಿಗೆ ಅಂಗಡಿಯ ಬಣ್ಣಗಳನ್ನು ಬಳಿಯುವುದು ವಾಡಿಕೆ. ಅಲ್ಲಿಯೂ ಮೊದಲು ತೇವದ ಮೂಲವನ್ನು ಹುಡುಕಬೇಕೆಂಬ ನಿಯಮ ಬದಲಾಗುವುದಿಲ್ಲ. ಹೊಳಪಿನ ಎಣ್ಣೆಬಣ್ಣದ ಮೇಲೆ ಸುಣ್ಣ ನಿಲ್ಲದೆಂಬುದನ್ನೂ ನೆನಪಿಡಬೇಕು. ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ಹಿಂದೆ ಬಾಗಿಲು ಕಿಟಕಿಗಳಿಗೆ ಬಳಿಯುತ್ತಿದ್ದ ಅನೇಕ ಎಣ್ಣೆಬಣ್ಣಗಳಲ್ಲಿ ಸೀಸದ ಅಂಶವಿರುತ್ತಿತ್ತು. ಸೀಸವು ದೇಹವನ್ನು ಸೇರಿದರೆ, ವಿಶೇಷವಾಗಿ ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡುಂಟಾಗುತ್ತದೆ. ಭಾರತ ಸರ್ಕಾರವು 2016ರಲ್ಲಿ ಮಾಡಿದ ನಿಯಮಗಳ ಪ್ರಕಾರ, 2017ರ ನವೆಂಬರ್ 1ರಿಂದ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರುವಂತಿಲ್ಲ. ಆದರೆ ಅದಕ್ಕೂ ಹಿಂದಿನ ಬಣ್ಣ ಹಳೆಯ ಬಾಗಿಲುಗಳ ಮೇಲೆ ಇನ್ನೂ ಉಳಿದಿರಬಹುದು. ಅದನ್ನು ಒಣಗಿದಂತೆಯೇ ಮರಳು ಕಾಗದದಿಂದ ಉಜ್ಜಿ ಧೂಳೆಬ್ಬಿಸಬಾರದು, ಬೆಂಕಿಯಿಂದ ಸುಡಲೂಬಾರದು. ಅದು ಗಟ್ಟಿಯಾಗಿದ್ದರೆ ಹಾಗೆಯೇ ಬಿಟ್ಟು ಮೇಲೆ ಹೊಸ ಬಣ್ಣ ಬಳಿಯುವುದು ಮೇಲು. ಕಳಚುತ್ತಿದ್ದರೆ, ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸಿ, ತಿಳಿದವರಿಂದ ಒದ್ದೆಮಾಡಿಯೇ ತೆಗೆಸಬೇಕು.

ನಮ್ಮ ಕೈಯಿಂದಲೇ ಮಾಡಬೇಕೆಂದರೆ ಎಲ್ಲವನ್ನೂ ನಾವೇ ಮಾಡಬೇಕೆಂದು ಅರ್ಥವಲ್ಲ. ಗೋಡೆ ವಾಲಿದ್ದರೆ ಗಾರೆಯವರನ್ನು, ವಿದ್ಯುತ್ತಿನ ತಂತಿ ಕೆಟ್ಟಿದ್ದರೆ ಅದನ್ನು ಬಲ್ಲವರನ್ನು ಕರೆಯುವುದೇ ವಿವೇಕ. ಒಂದು ಗೋಡೆಗೆ ತಾನೇ ಸುಣ್ಣ ಬಳಿದು ತೋಳು ನೋಯಿಸಿಕೊಂಡವನು ಕುಶಲಕರ್ಮಿಯ ದುಡಿಮೆಯನ್ನು ಎಂದೂ ಹಗುರವಾಗಿ ಕಾಣನು. ಮನೆಯನ್ನು ಓರಣವಾಗಿಡುವುದು ಹೆಂಗಸರ ಕೆಲಸ ಮಾತ್ರವೆಂಬ ಭ್ರಮೆಯೂ ಅವನಿಂದ ದೂರವಾಗುತ್ತದೆ.

ಆ ವರ್ಷ ಆಷಾಢದ ಮಳೆ ಎಂದಿನಂತೆಯೇ ಸುರಿಯಿತು. ಅಣ್ಣನೂ ನಾನೂ ದಿನವೂ ಬೆಳಗ್ಗೆ ಬಡಗಣ ಗೋಡೆಯನ್ನು ಮುಟ್ಟಿ ನೋಡುತ್ತಿದ್ದೆವು. ಬುಡದಲ್ಲಿ ಅಂಗೈಯಗಲದಷ್ಟು ಮಾತ್ರ ತೇವ ಕಾಣಿಸಿತು. ಮಳೆ ಬಿಟ್ಟ ಮೇಲೆ ಅದೂ ಆರಿತು. ಅದು ಹೊಳೆಯುವ ಗೋಡೆಯಾಗಿರಲಿಲ್ಲ. ನಮ್ಮ ಕುಂಚದ ಗೆರೆಗಳು ಅಲ್ಲಲ್ಲಿ ಸೊಟ್ಟಗೆ ಕಾಣುತ್ತಿದ್ದವು. ಆದರೆ ಅಜ್ಜಿಯ ಹಾಸಿಗೆ ನಡುಮನೆಯಿಂದ ಮರಳಿ ಆ ಕೋಣೆಗೆ ಹೋಯಿತು. ಅವರು ಗೋಡೆಗೆ ಅಂಗೈಯೂರಿ ನೋಡಿ, “ಈಗ ಅಳುವುದನ್ನು ನಿಲ್ಲಿಸಿದೆ” ಎಂದರು. ಮದುವೆಗೆ ಬಂದವರ ಮೆಚ್ಚುಗೆಯೆಲ್ಲವೂ ಆ ಒಂದು ಮಾತಿಗೆ ಸಮನಾಗಿರಲಿಲ್ಲ.